ಕೆಳಮನೆಯ ಕಂಪನಿ

ಜನವರಿಯ ಎರಡನೇ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಹಿಲ್ಕಾಳಿಗೆ ಶಿಶುವಿಹಾರದಿಂದ ಫೋನು ಬಂತು. ಮಾತಾಡಿದವಳು ಅಲ್ಲಿಯ ಹಳೆಯ ಟೀಚರು. ನಿಮ್ಮ ಸೊಸೆ ಮುಕ್ಕಾಲು ಗಂಟೆಯಿಂದ ನಮ್ಮ ಗೇಟಿನ ಹತ್ತಿರ ನಿಂತಿದ್ದಾರೆ, ಮಗಳನ್ನು ಕರೆದುಕೊಂಡು ಹೋಗಲು ಬಂದೆ ಅನ್ನುತ್ತಾರೆ, ಈ ಚಳಿಯಲ್ಲಿ ಒಳಗೆ ಬನ್ನಿ ಅಂದರೂ ಬರುತ್ತಿಲ್ಲ ಎಂದು ಅವಳು ಬಹಳ ಸಂಕೋಚದಿಂದ ಹೇಳಿದಳು. ಹಿಲ್ಕಾಳಿಗೆ ತಕ್ಷಣ ಅರ್ಥವಾಗಲಿಲ್ಲ. ಮೊಮ್ಮಗಳು ಹೆಲ್ಮಿ ಆ ಶಿಶುವಿಹಾರ ಬಿಟ್ಟು ಒಂದೂವರೆ ವರ್ಷವಾಗಿತ್ತು. ಈಗ ಎರಡನೇ ಕ್ಲಾಸು. ಶಾಲೆಯಿಂದ ತಾನೇ ನಡೆದು ಬಂದು, ಅಡುಗೆಮನೆಯ ಮೇಜಿನ ಮುಂದೆ ಕೂತು, ಬೆಣ್ಣೆ ಹಚ್ಚಿದ ಬ್ರೆಡ್ಡು ತಿನ್ನುತ್ತಿದ್ದಳು.

ಹಿಲ್ಕಾ ಕೋಟು ಹಾಕಿಕೊಂಡು ದಿಬ್ಬದ ಮೆಟ್ಟಿಲುಗಳನ್ನು ಎಷ್ಟು ಬೇಗ ಇಳಿಯಬಹುದೋ ಅಷ್ಟು ಬೇಗ ಇಳಿದಳು. ಎಪ್ಪತ್ತೊಂದರ ಮಂಡಿಗಳು ಹಿಮದ ಮೇಲೆ ಅಷ್ಟೇನೂ ಬೇಗ ಓಡುವುದಿಲ್ಲ. ಗೇಟಿನ ಹತ್ತಿರ ಸಿನಿ ಕೈಗವಸಿಲ್ಲದೆ ನಿಂತಿದ್ದಳು. ರೆಪ್ಪೆಯ ಮೇಲೆ ಬಿಳಿ ಹಿಮದ ಪುಡಿ ಕೂತಿತ್ತು.

"ಇವತ್ತು ಯಾಕೋ ಮಕ್ಕಳನ್ನ ಬಿಡೋದು ತಡ ಮಾಡ್ತಿದ್ದಾರೆ ಅತ್ತೆ" ಅಂದಳು.

ಹೆಲ್ಮಿ ಮನೆಯಲ್ಲಿದ್ದಾಳೆ ಎಂದು ಹಿಲ್ಕಾ ಮೆಲ್ಲಗೆ ಹೇಳಿದಾಗ ಸಿನಿ ಅವಳನ್ನೇ ನೋಡಿದಳು, ಗೇಟಿನ ಮೇಲೆ ಬರೆದಿದ್ದ ಬಾತುಕೋಳಿಯ ಚಿತ್ರ ನೋಡಿದಳು, ಆಮೇಲೆ ನಕ್ಕಳು. ಯಾರಿಗೂ ಹೇಳಬೇಡಿ ಎಂದಳು. ಅಷ್ಟರಲ್ಲಿ ಕೋಟಿನ ಜೇಬಿನಲ್ಲಿ ಫೋನು ಕೂಗಿತು. ಅದನ್ನೆತ್ತಿ ಸಿನಿ ಎಷ್ಟು ಲವಲವಿಕೆಯಿಂದ ಹಲೋ ಅಂದಳೆಂದರೆ, ಹಿಲ್ಕಾಳಿಗೆ ಚಳಿಗಿಂತ ಆ ದನಿ ಕೇಳಿಯೇ ಮೈ ನಡುಗಿತು.

ಮನೆ ತಾಂಪೆರೆ ಊರಿನ ಪಿಸ್ಪಾಲ ದಿಬ್ಬದ ಮೇಲಿನ ಹಳದಿ ಬಣ್ಣದ ಮರದ ಮನೆ. ಹಿಲ್ಕಾ ಮತ್ತು ತೀರಿಹೋದ ಅವಳ ಗಂಡ ಬೂಟಿನ ಕಾರ್ಖಾನೆಯಲ್ಲಿ ದುಡಿದು ಮಾಡಿಕೊಂಡದ್ದು. ಮೂರು ವರ್ಷದ ಹಿಂದೆ ಮಗ ರಿಕು ಮತ್ತು ಸಿನಿ ಕಂಪನಿ ಶುರು ಮಾಡುತ್ತೇವೆ, ಕೆಳಮನೆ ಕೊಡು ಎಂದು ಕೇಳಿದಾಗ ಅವಳು ಎರಡು ಮಾತಾಡದೆ ಬೀಗದ ಕೈ ಕೊಟ್ಟಿದ್ದಳು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಯಂತ್ರ. ಅದನ್ನು ಗೋಡೆಯೊಳಗೆ ಇಟ್ಟರೆ, ತೇವ ಸೇರಿ ಬೂಷ್ಟು ಹಿಡಿಯುವ ಮೊದಲೇ ಸುಳಿವು ಕೊಡುತ್ತದೆ. ಯೋಚನೆ ಸಿನಿಯದು. ಅವಳು ಓದಿದ ಶಾಲೆಯ ಗೋಡೆಗಳು ಬೂಷ್ಟು ಹಿಡಿದಿದ್ದವು. ನಾಲ್ಕು ವರ್ಷ ಕೆಮ್ಮಿದ್ದಳು. ಅದನ್ನು ಹೊರಗಿನವರ ಮುಂದೆ ಹೇಳುವ ಕೆಲಸ ಮಾತ್ರ ರಿಕುವಿನದು. ಮಾತಿನಲ್ಲಿ ಅವನು ಅಪ್ಪನ ಹಾಗೆ, ಎದುರಿಗಿದ್ದವರ ಮನಸ್ಸನ್ನು ಬೆಣ್ಣೆಯಂತೆ ಕರಗಿಸಬಲ್ಲ.

ಐದು ಜನ ಕೆಲಸಕ್ಕಿದ್ದರು. ರಿಕು, ಸಿನಿ, ಯಂತ್ರದ ಕೆಲಸಕ್ಕೆ ಐವತ್ತೆರಡರ ಯುರ್ಕಿ, ಮತ್ತೆ ಈಗಷ್ಟೇ ಓದು ಮುಗಿಸಿ ಬಂದ ಇಬ್ಬರು. ಮೊದಲು ಹಿಲ್ಕಾ ಗುರುವಾರಕ್ಕೊಮ್ಮೆ ಎಲ್ಲರಿಗೂ ಬಟಾಣಿ ಸೂಪು ಮಾಡಿ ಕೊಡುತ್ತಿದ್ದಳು. ಆಮೇಲೆ ದಿನವೂ ಮಧ್ಯಾಹ್ನದ ಊಟವಾಯಿತು. ಆಮೇಲೆ, ಹೇಗಿದ್ದರೂ ಎಲ್ಲರೂ ಇಲ್ಲೇ ಇರುತ್ತಾರಲ್ಲ ಎಂದು ಸಂಜೆಯ ಊಟವೂ ಸೇರಿಕೊಂಡಿತು. ಕೆಳಗಿನ ಲೋಟಗಳು ಮೇಲಿನ ಸಿಂಕಿಗೆ ಬಂದವು. ಹೆಲ್ಮಿಯ ಹಲ್ಲಿನ ಡಾಕ್ಟರು, ಸ್ಕೀ, ಮನೆಪಾಠ ಎಲ್ಲ ಅಜ್ಜಿಯ ಪಾಲಿಗೆ ಬಂದವು. ಹಿಲ್ಕಾ ಬೇಸರಪಡಲಿಲ್ಲ. ಮನೆಯಲ್ಲಿ ಜನ ಇರುವುದು ಅವಳಿಗೆ ಇಷ್ಟವೇ.

ಸಿನಿಯ ಪಾಲಿಗೆ ಬಂದದ್ದನ್ನು ಮಾತ್ರ ಯಾರೂ ಲೆಕ್ಕವಿಟ್ಟಿರಲಿಲ್ಲ. ಬಿಡಿಭಾಗ ತರಿಸುವುದು ಅವಳು, ಸಂಬಳದ ಕಾಗದಪತ್ರ ನೋಡುವುದು ಅವಳು, ಯಂತ್ರ ಹಾಕಿಸಿಕೊಂಡ ನಲವತ್ತು ಮನೆ ಮತ್ತು ಶಾಲೆಗಳಿಂದ ಹೊತ್ತುಗೊತ್ತಿಲ್ಲದೆ ಬರುವ ಫೋನು ಎತ್ತುವುದು ಅವಳು. ಕೆಲಸದ ರಾಶಿ ಹೆಚ್ಚಾದಾಗಲೆಲ್ಲ ರಿಕು, ಇನ್ನು ಆರು ವಾರ ಅಷ್ಟೇ ಅನ್ನುತ್ತಿದ್ದ.

ಆ ದಿನ ಸಂಜೆ ಮಾಂಸದುಂಡೆ, ಹಿಚುಕಿದ ಆಲೂಗಡ್ಡೆ. ಹೊಸಬರಿಬ್ಬರು ತಟ್ಟೆ ಹಿಡಿದು ಕೆಳಗಿಳಿದರು. ಯುರ್ಕಿ ಮೇಲೆಯೇ ಕೂತ. ಸಿನಿ ಕೇಳಿಕೊಂಡಂತೆ ಹಿಲ್ಕಾ ತುಟಿ ಬಿಚ್ಚಲಿಲ್ಲ. ಆದರೆ ಮಧ್ಯಾಹ್ನದ ಫೋನನ್ನು ಕೇಳಿಸಿಕೊಂಡಿದ್ದ ಹೆಲ್ಮಿಗೆ ಅಂಥ ಕಟ್ಟುಪಾಡೇನೂ ಇರಲಿಲ್ಲ.

"ಅಪ್ಪಾ, ಅಮ್ಮ ಇವತ್ತು ನನ್ನನ್ನ ಹುಡುಕ್ಕೊಂಡು ಪುಟ್ಟ ಮಕ್ಕಳ ಸ್ಕೂಲಿಗೆ ಹೋಗಿದ್ಲು."

ರಿಕು ನಕ್ಕ. ಎಲ್ಲರಿಗೂ ಹಾಗಾಗುತ್ತೆ, ನಾನು ಮೊನ್ನೆ ಕನ್ನಡಕವನ್ನು ಫ್ರಿಜ್ಜಿನಲ್ಲಿಟ್ಟಿದ್ದೆ ಎಂದ. ಸಿನಿಯೂ ನಕ್ಕಳು. ಅವಳ ತಟ್ಟೆಯಲ್ಲಿ ಆಲೂಗಡ್ಡೆ ಹಾಗೇ ಆರುತ್ತಿತ್ತು.

"ಕನ್ನಡಕ ಇಟ್ಟಿದ್ದು ಬೇರೆ" ಅಂದಳು ಹಿಲ್ಕಾ. "ಇವಳು ಮೈನಸ್ ಹದಿನೆಂಟು ಡಿಗ್ರೀಲಿ ಮುಕ್ಕಾಲು ಗಂಟೆ ನಿಂತಿದ್ಲು. ನಾನು ಹೋಗ್ದಿದ್ರೆ ಇನ್ನೂ ನಿಂತಿರ್ತಿದ್ಲು."

"ಇನ್ನು ಆರು ವಾರ ಅಮ್ಮ. ಫೆಬ್ರವರಿ ಕೊನೆಗೆ ಸ್ಟಾಫಾನ್ ಬರ್ತಾರೆ, ನೋಡ್ತಾರೆ, ಹಣ ಹಾಕ್ತಾರೆ. ಆಮೇಲೆ ಇನ್ನಿಬ್ಬರನ್ನ ತಗೋತೀವಿ."

"ಹೋದ ವರ್ಷ ಬೇಸಿಗೆಗೂ ಆರು ವಾರ ಅಂದಿದ್ದೆ. ಕ್ರಿಸ್‌ಮಸ್ಸಿಗೂ ಆರು ವಾರ. ನಿನ್ನ ವಾರಕ್ಕೆ ಎಷ್ಟು ದಿನಾನೋ?"

ರಿಕು ಫೋರ್ಕು ಕೆಳಗಿಟ್ಟ. ನಿಮ್ಮ ಕಾರ್ಖಾನೆಯ ಕಾಲ ಬೇರೆ, ಇಲ್ಲಿ ಯಾರೂ ಯಾರನ್ನೂ ದುಡಿಸಿಕೊಳ್ಳುತ್ತಿಲ್ಲ, ಇಲ್ಲಿ ಮಾಲೀಕನೇ ಇಲ್ಲ, ಎಲ್ಲರೂ ತಮ್ಮದು ಅಂದುಕೊಂಡು ಮಾಡುತ್ತಿದ್ದಾರೆ ಎಂದು ಮಗುವಿಗೆ ಹೇಳುವಂತೆ ಹೇಳಿದ. ಹಿಲ್ಕಾಳಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೊಂಬತ್ತು ವರ್ಷ ಬೂಟು ಹೊಲಿದವಳು ಅವಳು. ಅದರಲ್ಲಿ ಹನ್ನೊಂದು ವರ್ಷ ಕಾರ್ಮಿಕ ಸಂಘದ ಪ್ರತಿನಿಧಿಯಾಗಿ ಮ್ಯಾನೇಜರನ ಮೇಜಿನ ಎದುರಿಗೆ ಕೂತವಳು.

"ನಮ್ಮಲ್ಲಿ ಮಾಲೀಕ ಯಾರು ಅಂತ ಗೊತ್ತಿತ್ತು. ಜಗಳ ಆಡೋಕೆ ಎದುರಿಗೆ ಒಂದು ಮುಖ ಇತ್ತು. ನಿಮ್ಮಲ್ಲಿ ಅದೂ ಇಲ್ಲ. ಇವಳು ಯಾರ ಹತ್ರ ಹೋಗಿ ನನ್ನಿಂದಾಗಲ್ಲ ಅನ್ನಬೇಕು? ಗಂಡನ ಹತ್ರಾನಾ, ಮ್ಯಾನೇಜರ ಹತ್ರಾನಾ?"

ಉತ್ತರ ಬಂದದ್ದು ಸಿನಿಯಿಂದ. ನನಗೇನೂ ಆಗಿಲ್ಲ ಅತ್ತೆ, ನನ್ನ ಪರವಾಗಿ ನೀವು ಮಾತಾಡಬೇಕಾಗಿಲ್ಲ ಎಂದಳು. ದನಿ ಗಟ್ಟಿಯಾಗಿತ್ತು. ಫೋನು ಮತ್ತೆ ಕೂಗಿತು. ಅವಳು ತಟ್ಟೆ ಬಿಟ್ಟು ಎದ್ದಳು.

ಶನಿವಾರ ಹಿಲ್ಕಾ ಹಬೆಸ್ನಾನದ ಕೋಣೆಯಾದ ಸೌನಾದ ಒಲೆಗೆ ಸೌದೆ ತರಲು ಹಿತ್ತಲಿಗೆ ಹೋದರೆ ಅಲ್ಲಿ ಯುರ್ಕಿ ಕೊಡಲಿ ಹಿಡಿದು ನಿಂತಿದ್ದ. ಶನಿವಾರವೂ ಕೆಲಸಕ್ಕೆ ಬಂದಿದ್ದ. ಸ್ವಲ್ಪ ಕೈ ಆಡಿಸೋಣ ಅಂತ ಹೊರಗೆ ಬಂದೆ ಎಂದ. ಅವನು ಹೆಚ್ಚು ಮಾತಿನವನಲ್ಲ. ಆರೇಳು ಕೊರಡು ಸೀಳಿದ ಮೇಲೆ, ಯಾರನ್ನೂ ನೋಡದೆ, ತನ್ನ ಕಥೆ ಹೇಳಿದ. ಹಿಂದೆ ದೊಡ್ಡ ಕಂಪನಿಯಲ್ಲಿದ್ದಾಗ ಒಂದು ಬೆಳಿಗ್ಗೆ ಹಾಲಿನ ಡಬ್ಬಿ ಕೈಗೆತ್ತಿಕೊಂಡರೆ ಅದರ ಮೇಲಿನ ಅಕ್ಷರ ಓದಲಾಗಲಿಲ್ಲವಂತೆ. ಅಕ್ಷರ ಕಾಣುತ್ತಿತ್ತು, ಪದವಾಗುತ್ತಿರಲಿಲ್ಲ. ಅಲ್ಲಿಂದ ಹದಿನಾಲ್ಕು ತಿಂಗಳು ಅವನು ಕೆಲಸಕ್ಕೆ ಹೋಗಲಿಲ್ಲ. ಹೆಂಡತಿ ಅಷ್ಟು ದಿನ ಕಾಯಲಿಲ್ಲ.

"ಸುಸ್ತು ಅಂತ ಅನ್ನೋವರೆಗೂ ಭಯ ಇಲ್ಲ. ಸುಸ್ತೇ ಆಗಲ್ಲ ಅಂತಾರಲ್ಲ, ಆಗ ನೋಡ್ಕೋಬೇಕು" ಎಂದ. "ರಿಕುಗೆ ಎರಡು ಸಲ ಹೇಳಿದೆ. ಸ್ಟಾಫಾನ್ ಬಂದು ಹೋಗಲಿ ಅಂದ."

ಮತ್ತೆ ನೀನ್ಯಾಕೆ ಇಲ್ಲಿದ್ದೀಯ, ಶನಿವಾರ ಯಾಕೆ ಬರ್ತೀಯ, ಆರು ಗಂಟೆಯಾದರೂ ಯಾಕೆ ಮನೆಗೆ ಹೋಗಲ್ಲ ಎಂದು ಹಿಲ್ಕಾ ಗದರಿದಳು. ಯುರ್ಕಿ ಕೊಡಲಿಯನ್ನು ಕೊರಡಿಗೆ ನೆಟ್ಟ.

"ತಪ್ಪು ತಿಳೀಬೇಡಿ. ಐದಕ್ಕೆ ಎಲ್ಲರಿಗೂ ಹೊಟ್ಟೆ ಹಸಿಯುತ್ತೆ. ಎದ್ದು ಹೋಗೋಣ ಅನ್ಸುತ್ತೆ. ಅಷ್ಟರಲ್ಲಿ ನೀವು ಮೇಲಿಂದ ಕರೀತೀರಾ. ತಿಂದ ಮೇಲೆ ಇನ್ನು ಮೂರು ಗಂಟೆ ಹೇಗೋ ತಳ್ಳಬಹುದು."

ಹಿಲ್ಕಾ ಸೌದೆಯ ಬುಟ್ಟಿ ಹಿಡಿದು ಅಲ್ಲೇ ನಿಂತಳು. ಇಷ್ಟು ದಿನ ಮಗನ ಮೇಲಿದ್ದ ಸಿಟ್ಟು ಈಗ ತನ್ನ ಮೇಲೆಯೇ ತಿರುಗಿತು. ಕಾರ್ಖಾನೆಯಲ್ಲಿ ಮ್ಯಾನೇಜರು ಸಂಜೆ ಪಾಳಿಯನ್ನು ಉದ್ದ ಮಾಡಲು ಬನ್ನು, ಕಾಫಿ ಹಂಚಿಸಿದಾಗ, ಬುಟ್ಟಿಯನ್ನು ಅವನ ಮೇಜಿಗೇ ವಾಪಸು ಕಳಿಸಿದವಳು ಇವಳೇ. ಈಗ ಮೂರು ವರ್ಷದಿಂದ ಅದೇ ಬನ್ನನ್ನು ತನ್ನ ಕೈಯಿಂದಲೇ ಸುಟ್ಟು ಬಡಿಸುತ್ತಿದ್ದಳು.

ಸೋಮವಾರದಿಂದ ಸಂಜೆಯ ಅಡುಗೆ ಇಲ್ಲ ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಹೆಲ್ಮಿಗೂ ತನಗೂ ಮಾತ್ರ. ಹಸಿದವರು ಐದಕ್ಕೆ ಮನೆಗೆ ಹೋಗಿ. ರಿಕು ಭುಜ ಹಾರಿಸಿ, ಅಮ್ಮ ಮತ್ತೆ ಸಂಘ ಕಟ್ಟುತ್ತಿದ್ದಾಳೆ ಎಂದು ಹೊಸಬರ ಮುಂದೆ ತಮಾಷೆ ಮಾಡಿದ. ಸೋಮವಾರ ಪಿಜ್ಜಾ ತರಿಸಿದ. ಮಂಗಳವಾರವೂ ತರಿಸಿದ.

ಬುಧವಾರ ಹಿಲ್ಕಾ ಹೆಲ್ಮಿಯನ್ನು ಈಜಿನ ಕ್ಲಾಸಿನಿಂದ ಕರೆದುಕೊಂಡು ಬಂದು ಬಾಗಿಲು ತೆಗೆದರೆ, ಈರುಳ್ಳಿ ಸುಟ್ಟ ವಾಸನೆ. ಒಲೆಯ ಮುಂದೆ ಸಿನಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಯಾವುದೋ ಶಾಲೆಯವರಿಗೆ ಸಮಾಧಾನ ಹೇಳುತ್ತ, ಐದು ಜನರ ಪಾಸ್ತಾಕ್ಕೆ ಮಾಂಸ ಹುರಿಯುತ್ತಿದ್ದಳು. ಪಾತ್ರೆಯ ತಳ ಕಪ್ಪಾಗಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಹಿಲ್ಕಾ ಹೋಗಿ ಒಲೆ ಆರಿಸಿದಳು.

ಫೋನು ಮುಗಿದ ಮೇಲೆ ಸಿನಿ ಹೇಳಿದಳು:

"ನೀವು ಮುಷ್ಕರ ಹೂಡಿದ್ದು ರಿಕು ಮೇಲೆ. ಬಿದ್ದಿದ್ದು ನನ್ನ ಮೇಲೆ ಅತ್ತೆ."

ಕೋಪದಿಂದ ಹೇಳಿದ್ದಲ್ಲ. ಆ ಮಾತಿನಲ್ಲಿ ಯಾವ ಭಾವವೂ ಇರಲಿಲ್ಲ. ಹಿಲ್ಕಾ ಅವಳನ್ನು ಕೂರಿಸಿ, ಡಾಕ್ಟರ ಹತ್ತಿರ ಹೋಗೋಣ, ನಾಳೆಯೇ ಹೋಗೋಣ ಎಂದು ಕೇಳಿಕೊಂಡಳು. ಸಿನಿ ಬೇಡವೆಂದು ತಲೆಯಾಡಿಸಿದಳು. ಈ ಕಂಪನಿ ನನ್ನ ಕೆಮ್ಮಿನಿಂದ ಹುಟ್ಟಿದ್ದು, ಈಗ ಕೈ ಬಿಟ್ಟರೆ ಅದು ನನ್ನದು ಅಂತ ಯಾರೂ ಅನ್ನುವುದಿಲ್ಲ, ಬರೀ ರಿಕುವಿನ ಕಂಪನಿಯಾಗುತ್ತದೆ ಎಂದಳು. ಗುರುವಾರದಿಂದ ಹಿಲ್ಕಾ ಮತ್ತೆ ಎಲ್ಲರಿಗೂ ಬೇಯಿಸಿದಳು. ಸೋತ ಮುಷ್ಕರಗಳನ್ನು ಅವಳು ಮೊದಲೂ ನೋಡಿದ್ದಳು. ಆದರೆ ಬಡಿಸುವಾಗ ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ಇಡುತ್ತಿದ್ದಳು. ರಿಕು ಕೇಳಿಸದವನಂತೆ ಉಣ್ಣುತ್ತಿದ್ದ.

ಫೆಬ್ರವರಿಯ ಕೊನೆಯ ಗುರುವಾರ ಸ್ಟಾಫಾನ್ ಹೆಲ್ಸಿಂಕಿಯಿಂದ ಬಂದ. ಬೆಳ್ಳಗಿನ ಗಡ್ಡದ, ಮೆದು ಮಾತಿನ ಮನುಷ್ಯ. ಹೋಟೆಲ್ಲು ಬೇಡ, ನೀವು ದಿನವೂ ತಿನ್ನುವಲ್ಲೇ ತಿನ್ನುತ್ತೇನೆ ಎಂದಿದ್ದನಂತೆ. ಹಾಗಾಗಿ ಎಲ್ಲರೂ ಮೇಲಿನ ಅಡುಗೆಮನೆಯಲ್ಲಿ ಕೂತರು. ಬಟಾಣಿ ಸೂಪು, ಸಾಸಿವೆ, ಆಮೇಲೆ ಒಲೆಯಲ್ಲಿ ಸುಟ್ಟ ದಪ್ಪ ದೋಸೆ, ಜಾಮು. ಸಿನಿ ಬೆಳಿಗ್ಗೆಯೇ ತಲೆ ಬಾಚಿ ನೀಲಿ ಅಂಗಿ ಹಾಕಿದ್ದಳು. ಗುಂಡಿಗಳನ್ನು ಒಂದು ಕಾಜ ತಪ್ಪಿ ಹಾಕಿದ್ದನ್ನು ಹಿಲ್ಕಾ ಮೆಟ್ಟಿಲ ಹತ್ತಿರ ತಡೆದು ಸರಿಮಾಡಿದ್ದಳು.

ಸ್ಟಾಫಾನ್‌ಗೆ ಸೂಪು ಬಹಳ ಹಿಡಿಸಿತು. ಎರಡನೇ ಸಲ ಹಾಕಿಸಿಕೊಂಡ. ಮನೆಯವರೆಲ್ಲ ಸೇರಿ ಹೀಗೆ ದುಡಿಯುವುದನ್ನು ಎಲ್ಲೂ ನೋಡಿಲ್ಲ ಎಂದ.

"ಜನ ಗಡಿಯಾರ ನೋಡದೆ ಕೆಲಸ ಮಾಡೋ ಕಡೆ ಹಣ ಹಾಕೋಕೆ ನಾನು ಹೆಚ್ಚು ಯೋಚನೆ ಮಾಡಲ್ಲ. ಅಜ್ಜಿ ಕೂಡ ತಂಡದಲ್ಲಿದ್ದಾರೆ ನೋಡಿ."

ಎಲ್ಲರೂ ನಕ್ಕರು. ಹಿಲ್ಕಾ ನಗಲಿಲ್ಲ. ಸ್ಟಾಫಾನ್ ಸಿನಿಯ ಕಡೆ ತಿರುಗಿ, ಇದೆಲ್ಲ ನಿಮ್ಮ ಯೋಚನೆಯಂತೆ, ಹೇಗೆ ಹೊಳೆಯಿತು ಎಂದು ಪ್ರೀತಿಯಿಂದಲೇ ಕೇಳಿದ.

ಸಿನಿ ಆ ಕಥೆಯನ್ನು ನೂರು ಸಲ ಹೇಳಿರಬಹುದು. ಬಾಯಿ ತೆರೆದಳು.

"ಗೋಡೆ" ಅಂದಳು.

ಎಲ್ಲರೂ ಕಾದರು. ಅವಳು ಚಮಚವನ್ನು ನೋಡಿದಳು. ಮತ್ತೆ ಗೋಡೆ ಅಂದಳು. ಮುಂದಿನ ಪದ ಎಲ್ಲಿದೆ ಎಂದು ಸೂಪಿನೊಳಗೆ ಹುಡುಕುವವಳಂತೆ ತಲೆ ಬಗ್ಗಿಸಿದಳು. ಕುತ್ತಿಗೆ ಕೆಂಪಾಯಿತು. ಯುರ್ಕಿ ಕುರ್ಚಿಯಲ್ಲಿ ಮಿಸುಕಿದ.

ಆಗ ರಿಕು ನೀರಿನ ಲೋಟವನ್ನು ಹೆಂಡತಿಯ ಕಡೆ ಸರಿಸಿದ. ಅವಳತ್ತ ನೋಡದೆ ಸರಿಸಿದ. ನೋಡುತ್ತಿದ್ದದ್ದು ಸ್ಟಾಫಾನ್‌ನನ್ನು. ಸಿನಿ ಚಿಕ್ಕವಳಿದ್ದಾಗ, ಅವಳ ಶಾಲೆಯಲ್ಲಿ, ಎಂದು ಅವಳ ಕಥೆಯನ್ನು ತಾನು ಎತ್ತಿಕೊಂಡ. ಬಹಳ ಚೆನ್ನಾಗಿ ಹೇಳಿದ. ಕೆಮ್ಮು ಬರುವಲ್ಲಿ ದನಿ ತಗ್ಗಿಸಿದ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ.

ಹಿಲ್ಕಾ ಆ ಕೈಯನ್ನು ನೋಡಿದ್ದಳು. ಗೊತ್ತಿಲ್ಲದವನು ಲೋಟ ಸರಿಸುವುದಿಲ್ಲ. ಮಗನಿಗೆ ಕಾಣುತ್ತಿಲ್ಲ ಎಂದು ಇಷ್ಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅವನಿಗೆ ಕಾಣುತ್ತಿತ್ತು. ಕಂಡೂ ಮುಂದುವರಿದಿದ್ದ.

ಅವಳು ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಹಜಾರಕ್ಕೆ ಹೋಗಿ ಸಿನಿಯ ಕೋಟು, ಟೋಪಿ, ಬೂಟು ತಂದಳು. ಸೊಸೆಯನ್ನು ಎಬ್ಬಿಸಿ, ಮಗುವಿಗೆ ಹಾಕುವಂತೆ ಒಂದೊಂದು ತೋಳನ್ನೂ ಕೋಟಿನೊಳಗೆ ತೂರಿಸಿದಳು. ಸಿನಿ ಸುಮ್ಮನೆ ಹಾಕಿಸಿಕೊಂಡಳು.

"ಅಮ್ಮ, ಊಟ ಮುಗೀಲಿ" ಎಂದ ರಿಕು, ಹಲ್ಲು ಕಚ್ಚಿ.

"ನಿಮ್ಮದು ಮುಗಿಸ್ಕೊಳ್ಳಿ. ಇವಳದ್ದು ಮುಗೀತು." ಆಮೇಲೆ ಅತಿಥಿಯ ಕಡೆ ತಿರುಗಿದಳು. "ಜನ ಗಡಿಯಾರ ನೋಡಲ್ಲ ಅಂದ್ರಲ್ಲ ಸ್ವಾಮಿ. ಇವಳಿಗೆ ಈಗ ಗಡಿಯಾರ ನೋಡೋಕೇ ಬರ್ತಿಲ್ಲ. ನೀವು ಹಣ ಹಾಕೋದು ಇದಕ್ಕೇನಾ?"

ಸ್ಟಾಫಾನ್ ಕರವಸ್ತ್ರವನ್ನು ಮಡಚಿದ.

ಆರೋಗ್ಯ ಕೇಂದ್ರದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವಳು. ಆತುರಪಡದೆ ಕೇಳಿದಳು. ನಿದ್ದೆ, ಊಟ, ಮರೆವು. ಸಿನಿ ಎಲ್ಲದಕ್ಕೂ ಚೆನ್ನಾಗಿದೆ ಎಂದಳು. ಹುಟ್ಟಿದ ದಿನ ಕೇಳಿದಾಗ ಮಾತ್ರ ತಡವರಿಸಿದಳು. ತಿಂಗಳು ನೆನಪಾಯಿತು, ವರ್ಷ ನೆನಪಾಗಲಿಲ್ಲ. ಅಲ್ಲಿ ಮೊದಲ ಸಲ ಅಳತೊಡಗಿದವಳು ಅರ್ಧ ಗಂಟೆ ನಿಲ್ಲಿಸಲಿಲ್ಲ. ಡಾಕ್ಟರು ಮೇ ತಿಂಗಳವರೆಗೆ ರಜೆ ಬರೆದಳು. ಬರೆಯುತ್ತ, ನಿಮ್ಮ ಕಂಪನಿಯಲ್ಲಿ ಕೆಲಸದವರ ಯೋಗಕ್ಷೇಮ ನೋಡಿಕೊಳ್ಳುವವರು ಯಾರಾದರೂ ಇದ್ದಾರಾ, ಅವರ ಜತೆ ನಾನು ಮಾತಾಡಬಹುದಾ ಎಂದು ಕೇಳಿದಳು.

"ಇದ್ದಾರೆ" ಎಂದಳು ಸಿನಿ, ಮೂಗು ಒರೆಸಿಕೊಳ್ಳುತ್ತ. "ನಾನೇ."

ಅವರು ಮನೆಗೆ ಬರುವ ಹೊತ್ತಿಗೆ ಸ್ಟಾಫಾನ್ ಹೊರಟುಹೋಗಿದ್ದ. ಈಗ ಬೇಡ, ಶರತ್ಕಾಲದಲ್ಲಿ ನೋಡೋಣ ಎಂದು ಮರುದಿನ ಬರೆದು ತಿಳಿಸಿದ. ರಿಕು ಅದನ್ನು ಅಡುಗೆಮನೆಯಲ್ಲಿ ನಿಂತು ತಾಯಿಗೆ ಓದಿ ಹೇಳಿದ. ಸಿನಿ ಒಳಕೋಣೆಯಲ್ಲಿ ಮಲಗಿದ್ದಳು. ಹೆಲ್ಮಿ ಶಾಲೆಗೆ ಹೋಗಿದ್ದಳು. ಅವನು ದನಿ ತಗ್ಗಿಸಿಯೇ ಮಾತಾಡಿದ. ಅದು ಕೂಗಾಟಕ್ಕಿಂತ ಕೆಟ್ಟದಾಗಿತ್ತು.

"ಮೂರು ವರ್ಷದ ಕೆಲಸ. ಒಂದು ಊಟದ ಹೊತ್ತಲ್ಲಿ ಹಾಳು ಮಾಡಿದೆ. ಅವನು ಹೋದ ಮೇಲೆ ಅರ್ಧ ಗಂಟೆ ಬಿಟ್ಟು ಕರ್ಕೊಂಡು ಹೋಗಿದ್ರೆ ಏನಾಗ್ತಿತ್ತು?"

"ನೀನು ಲೋಟ ಸರಿಸಿದ್ದನ್ನ ನಾನು ನೋಡಿದೆ" ಅಂದಳು ಹಿಲ್ಕಾ.

ರಿಕು ಕಾಗದ ಜೇಬಿಗೆ ಹಾಕಿಕೊಂಡು ಕೆಳಗಿಳಿದು ಹೋದ. ಆಮೇಲೆ ಹದಿನೈದು ದಿನ ತಾಯಿ ಮಗನ ನಡುವೆ ಉಪ್ಪು ಕೊಡು, ಹಾಲು ಮುಗಿದಿದೆ ಎಂಬುದಕ್ಕಿಂತ ಹೆಚ್ಚಿನ ಮಾತು ನಡೆಯಲಿಲ್ಲ.

ಸಿನಿ ಮಾರ್ಚ್ ತಿಂಗಳೆಲ್ಲ ಮಲಗಿದಳು. ಎದ್ದಾಗ ಕಿಟಕಿಯ ಹತ್ತಿರ ಕೂತು ಹೆಪ್ಪುಗಟ್ಟಿದ ಸರೋವರ ನೋಡುತ್ತಿದ್ದಳು. ಹೆಲ್ಮಿ ಪಕ್ಕದಲ್ಲಿ ಕೂತು ತನ್ನ ಪಾಠದ ಪುಸ್ತಕ ಓದಿ ಹೇಳುತ್ತಿದ್ದಳು. ಅಮ್ಮನಿಗೆ ಓದಿದರೆ ತಲೆ ನೋಯುತ್ತದೆ ಎಂದು ಅವಳಿಗೆ ಹೇಳಿದ್ದರು. ರಜೆಯ ಎರಡನೇ ವಾರದಲ್ಲಿ ಹೊಸಬರಿಬ್ಬರಲ್ಲಿ ಒಬ್ಬಳು ಕೆಲಸ ಬಿಟ್ಟಳು. ನಾನೂ ಹೀಗಾಗುವ ಮೊದಲು ಹೊರಡುತ್ತೇನೆ ಎಂದು ಮುಖದ ಮೇಲೇ ಹೇಳಿ ಹೋದಳಂತೆ.

ಸಿನಿಯ ಫೋನು ಈಗ ರಿಕುವಿನ ಜೇಬಿಗೆ ಬಂದಿತ್ತು. ಬೆಳಿಗ್ಗೆ ಗಂಜಿ ತಿನ್ನುವಾಗ ಕೂಗುತ್ತಿತ್ತು, ಬಸ್ಸಿನಲ್ಲಿ ಕೂಗುತ್ತಿತ್ತು, ಸೌನಾದ ಹೊರಗೆ ಬೆಂಚಿನ ಮೇಲೆ ಕೂಗುತ್ತಿತ್ತು. ಅದರ ಜತೆಗೆ ಬಿಡಿಭಾಗ, ಸಂಬಳದ ಕಾಗದ. ಮಗನ ಕಣ್ಣ ಕೆಳಗೆ ಕಪ್ಪು ಇಳಿಯುವುದನ್ನು ಹಿಲ್ಕಾ ನೋಡಿದಳು. ಕನಿಕರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸಹಾಯಕ್ಕೆ ಹೋಗಲಿಲ್ಲ. ಹೆಲ್ಮಿಗೂ ಸಿನಿಗೂ ತನಗೂ ಬೇಯಿಸಿ, ಉಳಿದದ್ದನ್ನು ಮುಚ್ಚಿಡುತ್ತಿದ್ದಳು.

ನಾಲ್ಕನೇ ವಾರ ಒಂದು ಮಧ್ಯಾಹ್ನ ಕೆಳಗಿನಿಂದ ಕೂಗು ಕೇಳಿತು. ಯಂತ್ರ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತಿದೆ ಎಂದು ಮೂರನೇ ಸಲ ಫೋನು ಮಾಡಿದ ಶಾಲೆಯ ಕಾವಲುಗಾರನಿಗೆ ರಿಕು ಬಾಯಿಗೆ ಬಂದಂತೆ ಬೈದಿದ್ದ. ಬೈದು, ಮೇಲೆ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತುಬಿಟ್ಟ. ಹಿಲ್ಕಾ ಕ್ಯಾರೆಟ್ಟು ಹೆರೆಯುತ್ತಿದ್ದಳು.

"ಅವಳು ಇದನ್ನೆಲ್ಲ ಹೇಗೆ ಮಾಡ್ತಿದ್ಲಮ್ಮ?"

"ಮಾಡ್ತಿರಲಿಲ್ಲ ಕಣೋ. ಸವೀತಿದ್ಲು. ಜನವರಿಯಿಂದ ನಾನು ಹೇಳ್ತಿದ್ದಿದ್ದು ಅದನ್ನೇ."

ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ. ಗೊತ್ತಿತ್ತು ಎಂದ. ನಿಲ್ಲಿಸಿದರೆ ಎಲ್ಲ ನಿಂತುಹೋಗುತ್ತದೆ ಎಂದು ಹೆದರಿದ್ದೆ ಎಂದ. ಹಿಲ್ಕಾ ಅವನನ್ನು ಸಮಾಧಾನಪಡಿಸಲು ಹೋಗಲಿಲ್ಲ. ಅದನ್ನು ನನಗಲ್ಲ, ಒಳಗಿರುವವಳಿಗೆ ಹೇಳು ಎಂದಳು. ಆಮೇಲೆ ಕೈ ಒರೆಸಿಕೊಂಡು, ಯುರ್ಕಿಯನ್ನು ಕರೆ, ಒಂದು ಕಾಗದ ತಾ ಎಂದಳು.

ಮೂರು ಮಧ್ಯಾಹ್ನ ಆ ಮೇಜಿನ ಸುತ್ತ ಚೌಕಾಸಿ ನಡೆಯಿತು. ಸಂಜೆ ಐದಕ್ಕೆ ಕೆಳಮನೆಗೆ ಬೀಗ, ಕೀಲಿ ಹಿಲ್ಕಾಳ ಹತ್ತಿರ. ಇದಕ್ಕೆ ರಿಕು ಆರು ಎಂದ, ಐದೂವರೆ ಎಂದ, ಕೊನೆಗೆ ಐದಕ್ಕೆ ಒಪ್ಪಿದ. ಫೋನು ಸರದಿಯ ಮೇಲೆ, ಶನಿವಾರ ಭಾನುವಾರ ಅದು ಡ್ರಾಯರಿನೊಳಗೆ. ಒಬ್ಬರು ರಜೆ ಹಾಕಿದರೆ ಅವರ ಕೆಲಸ ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ, ಅಷ್ಟು ಕೆಲಸ ಬಿಡಬೇಕು. ಅಂದರೆ ನಲವತ್ತು ಕಡೆಯ ಬದಲು ಹದಿನೈದು. ಇಲ್ಲಿ ರಿಕು ಎದ್ದು ನಿಂತ. ಉಳಿದ ಇಪ್ಪತ್ತೈದು ಕಡೆಯವರಿಗೆ ಯಾವ ಮುಖ ಹೊತ್ತು ಹೇಳಲಿ ಎಂದು ಕೇಳಿದ.

"ಕಾವಲುಗಾರನಿಗೆ ಬೈದೆಯಲ್ಲ, ಅದೇ ಮುಖ" ಎಂದ ಯುರ್ಕಿ. ಅವನು ಆ ಮೇಜಿನ ಮುಂದೆ ಹೇಳಿದ್ದು ಅದೊಂದೇ ಮಾತು. ರಿಕು ಮತ್ತೆ ಕೂತ. ಬರೆದ. ಇಪ್ಪತ್ತೈದು ಕಡೆಗೂ ತಾನೇ ಹೋಗಿ ಕ್ಷಮೆ ಕೇಳಿ ಯಂತ್ರ ಕಳಚಿ ತಂದ. ಕೆಲವರು ಬೈದರು, ಒಬ್ಬರು ಕಾಫಿ ಕೊಟ್ಟರು.

ಸರೋವರದ ಹಿಮ ಕರಗಿ, ದಿಬ್ಬದ ಬರ್ಚ್ ಮರಗಳಲ್ಲಿ ಚಿಗುರು ಬಂದ ಮೇಲೆ, ಮೇ ತಿಂಗಳ ಒಂದು ಬೆಳಿಗ್ಗೆ ಹತ್ತಕ್ಕೆ ಸಿನಿ ಕೆಳಗಿಳಿದು ಬಂದಳು. ದಿನಕ್ಕೆ ಮೂರು ಗಂಟೆ ಎಂದು ಡಾಕ್ಟರು ಹೇಳಿದ್ದರು. ಕಾಫಿ ಯಂತ್ರದ ಪಕ್ಕ ಗೋಡೆಗೆ ಅಂಟಿಸಿದ್ದ ಕಾಗದದ ಮುಂದೆ ನಿಂತು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಒಂದು ಕಡೆ ನಿಂತು ಹಿಂದಕ್ಕೆ ಹೋಗಿ ಮತ್ತೆ ಓದಿದಳು. ರಿಕು ಸಹಾಯ ಮಾಡಲು ಎದ್ದವನು ಮತ್ತೆ ಕೂತ. ಓದಿ ಮುಗಿಸಿ ಅವಳು ಪೆನ್ನು ಕೇಳಿದಳು. ಗೋಡೆಯ ಮೇಲೇ ಕಾಗದ ಒತ್ತಿ ಹಿಡಿದು ಕೆಳಗೆ ಎರಡು ಸಾಲು ಸೇರಿಸಿದಳು. ಆಮೇಲೆ ಮೆಟ್ಟಿಲ ಹತ್ತಿರ ಬಂದು ಅತ್ತೆಯನ್ನು ಕರೆದಳು.

ಹಿಲ್ಕಾ ಹಿಟ್ಟಿನ ಕೈಯಲ್ಲೇ ಇಳಿದು ಬಂದಳು. ಅಕ್ಕಿ ತುಂಬಿದ ಕರೇಲಿಯಾ ಸೀಮೆಯ ಕಡುಬು ತಟ್ಟುತ್ತಿದ್ದಳು. ಸೊಸೆ ಕೆಳಗೆ ಬರುವ ಮೊದಲ ದಿನ ಎಂದು ಎಲ್ಲರಿಗೂ ಸೇರಿಸಿ ಮಾಡುತ್ತಿದ್ದಳು. ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿಕೊಂಡು ಸಿನಿ ಸೇರಿಸಿದ್ದ ಸಾಲುಗಳನ್ನು ಓದಿದಳು. ಹಿಲ್ಕಾ ಈ ಕಂಪನಿಗೆ ಅಡುಗೆ ಮಾಡುವಂತಿಲ್ಲ, ಪಾತ್ರೆ ತೊಳೆಯುವಂತಿಲ್ಲ. ಮಾಡಿಸಬೇಕಾದರೆ ಕೆಲಸಕ್ಕೆ ಸೇರಿಸಿಕೊಂಡೇ ಮಾಡಿಸಬೇಕು.

ಅವಳ ಮುಖ ಕೆಂಪಾಯಿತು. ನನ್ನ ಮನೆ, ನನ್ನ ಒಲೆ, ನಾನು ಯಾರಿಗೆ ಬೇಯಿಸಬೇಕು ಅಂತ ಬರೆಯೋಕೆ ನೀನ್ಯಾರು ಎಂದು ರೇಗಿದಳು. ನಾನೇನು ದುಡಿಮೆ ಅಂತ ಮಾಡಿದೆನಾ ಎಂದಳು.

"ಮೂರು ವರ್ಷ ಅತ್ತೆ" ಎಂದಳು ಸಿನಿ. "ಅದ್ರಲ್ಲಿ ಒಂದು ದಿನ ರಜ ತಗೊಂಡಿದ್ದೀರಾ?"

ಹಿಲ್ಕಾ ಯೋಚಿಸಿದಳು. ಹನ್ನೊಂದು ವರ್ಷ ಕಾರ್ಖಾನೆಯವರ ಪರವಾಗಿ ರಜೆ ಕೇಳಿದ ಹೆಂಗಸು ಮಗನ ಮುಖ ನೋಡಿದಳು. ರಿಕು ತಲೆ ತಗ್ಗಿಸಿದ. ಯುರ್ಕಿ ಪೆನ್ನು ಮುಂದೆ ಚಾಚಿದ.

ಅವಳು ಪೆನ್ನು ತೆಗೆದುಕೊಂಡಳು. ಎರಡು ಸಾಲನ್ನೂ ಇನ್ನೊಮ್ಮೆ ಓದಿದಳು. ಆಮೇಲೆ ಹಿಟ್ಟಿನ ಕೈಯಿಂದಲೇ ಒಂದು ಕುರ್ಚಿ ಎಳೆದು ಮಗನ ಮೇಜಿನ ಎದುರಿಗೆ ಕೂತಳು.

"ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಬರೆದಿಲ್ಲ" ಎಂದಳು. "ಇಂಥ ಕಾಗದಕ್ಕೆ ನಾನು ಜೀವಮಾನದಲ್ಲಿ ಸಹಿ ಹಾಕಿಲ್ಲ."